ಹಲ್ಲಿಲ್ಲದ ತಿಮಿಂಗಿಲ ಊಟ ಮಾಡುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ನೀಲಿ ತಿಮಿಂಗಿಲಕ್ಕೆ ಹಲ್ಲೇ ಇಲ್ಲ, ಅದು ಬೆರಳುದ್ದದ ಸೀಗಡಿಯಂಥ ಜೀವಿ ತಿಂದು ಬದುಕುತ್ತದೆ ಅಂತ ಎಲ್ಲೋ ಓದಿಕೊಂಡು ಬಂದಿದ್ದಾಳೆ. ಹಾಗಾದರೆ ಬಾಯ್ತುಂಬ ಹಲ್ಲಿರುವ ಡಾಲ್ಫಿನ್ ಕೂಡ ತಿಮಿಂಗಿಲದ ಜಾತಿಯೇ ಅನ್ನುವುದು ಹೇಗೆ? ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ಸಣ್ಣ ಊಟ ಸಾಲುತ್ತದಾ? ಬಾಯಿ ತೆರೆದಾಗ ಒಳಗೆ ನುಗ್ಗುವ ಉಪ್ಪುನೀರು ಏನಾಗುತ್ತದೆ? ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮಗಳ ಪ್ರಶ್ನೆ ಮೂರಾದರೂ ಬೇರು ಒಂದೇ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕಡಲಲ್ಲಿ ಮೀನು ಹಿಡಿಯಲು ಎರಡು ದಾರಿ. ಒಂದು ಗಾಳ, ಇನ್ನೊಂದು ಬಲೆ. ಗಾಳ ಹಾಕುವವನು ಒಂದೊಂದೇ ಮೀನು ಹಿಡಿಯುತ್ತಾನೆ. ಬಲೆ ಹಾಕುವವನಿಗೆ ಒಂದು ಮೀನು ಲೆಕ್ಕಕ್ಕೇ ಇಲ್ಲ, ಅವನಿಗೆ ಹಿಂಡು ಬೇಕು. ಹಲ್ಲಿರುವ ತಿಮಿಂಗಿಲಗಳು ಗಾಳದವು. ಹಲ್ಲಿಲ್ಲದವು ಬಲೆಯವು. ಮೈಯ ಗಾತ್ರ, ಮೂಗು, ಕಿವಿ, ಕುಟುಂಬ, ಎಲ್ಲದರಲ್ಲೂ ಇವೆರಡು ಬೇರೆಬೇರೆ ಆಗಿರುವುದಕ್ಕೆ ಬಹುಪಾಲು ಇದೇ ಕಾರಣ.

ಹಲ್ಲಿಲ್ಲದ ತಿಮಿಂಗಿಲದ ಬಾಯಲ್ಲಿ ಹಲ್ಲಿನ ಬದಲು ಇರುವುದಕ್ಕೆ ಬಲೀನ್ ಅಂತ ಹೆಸರು. ನಮ್ಮ ಬಲೆಗೂ ಆ ಪದಕ್ಕೂ ನಂಟಿಲ್ಲ. ಆದರೂ ಮಕ್ಕಳಿಗೆ ನಾನು 'ಬಲೀನ್ ಅಂದರೆ ಬಲೆ' ಅಂತಲೇ ಹೇಳಿಕೊಡುತ್ತೇನೆ. ಆಮೇಲೆ ಮರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಉತ್ತರ ಕನ್ನಡದ ಒಂದು ದಂಡೆಗೆ ಬ್ರೈಡ್ಸ್ ತಿಮಿಂಗಿಲದ ಕಳೇಬರ ಬಂದು ಬಿದ್ದಿತ್ತು. ಅಳತೆ ತೆಗೆಯಲು ಹೋಗಿದ್ದೆ. ಬಾಯಿ ಅರ್ಧ ತೆರೆದಿತ್ತು. ಮೇಲ್ದವಡೆಯಿಂದ ಫಲಕಗಳು ಪುಸ್ತಕದ ಹಾಳೆಗಳ ಹಾಗೆ ಒಂದರ ಪಕ್ಕ ಒಂದು ಇಳಿಬಿದ್ದಿದ್ದವು. ಒಂದರ ಹೊರಅಂಚು ಮುಟ್ಟಿ ನೋಡಿದೆ. ಎಮ್ಮೆಯ ಕೊಂಬಿನ ಹಾಗೆ ನುಣುಪು, ಗಟ್ಟಿ. ಫಲಕಗಳ ಸಂದಿಯಲ್ಲಿ ಬೆರಳು ತೂರಿಸಿ ಒಳಗಡೆಗೆ ತಂದೆ. ಅಲ್ಲಿ ಸಿಕ್ಕಿದ್ದು ಒರಟು ನಾರು, ತೆಂಗಿನ ಸಿಪ್ಪೆ ಸುಲಿದಾಗ ಸಿಗುವಂಥದ್ದು. ಒಂದು ಫಲಕದ ನಾರು ಪಕ್ಕದ ಫಲಕದ ನಾರಿನ ಜೊತೆ ಸಿಕ್ಕು ಬಿದ್ದು, ಒಳಗೋಡೆ ಪೂರ್ತಿ ಒಂದು ಕಾಲೊರಸು ಆಗಿಬಿಟ್ಟಿತ್ತು. ಹೊರಗಿಂದ ಬಾಚಣಿಗೆ, ಒಳಗಿಂದ ಕಾಲೊರಸು. ಬಲೀನ್ ಅಂದರೆ ಇಷ್ಟೇ, ಇದಕ್ಕಿಂತ ಚೆನ್ನಾಗಿ ವರ್ಣಿಸಲು ನನಗೆ ಈವರೆಗೆ ಆಗಿಲ್ಲ.

ಇದು ಹಲ್ಲಿನ ಇನ್ನೊಂದು ರೂಪ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಬಲೀನ್ ಹುಟ್ಟುವುದು ಒಸಡಿನಿಂದ. ನಮ್ಮ ಉಗುರು, ಕೂದಲು, ದನದ ಕೊಂಬು ಯಾವುದರಿಂದ ಆಗಿವೆಯೋ ಅದೇ ಕೆರಟಿನ್‌ನಿಂದ ಇದೂ ಆಗಿದೆ. ಉಗುರಿನ ಹಾಗೇ ಜೀವಮಾನವಿಡೀ ಬೆಳೆಯುತ್ತದೆ. ಇತ್ತ ನಾಲಿಗೆಯ ಉಜ್ಜಾಟಕ್ಕೆ ಸವೆಯುತ್ತಲೂ ಇರುತ್ತದೆ. ಮೇಲಿನ ಪದರ ಸವೆದ ಹಾಗೆ ಒಳಗಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಅದೇ ಆ ನಾರು. ಅಂದರೆ ಬಲೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ದಂಡೆಯಲ್ಲಿ ಕೂತು ಹರಿದ ಕಣ್ಣು ಹೆಣೆಯುವ ಕೆಲಸವಿಲ್ಲ.

ನೀಲಿ ತಿಮಿಂಗಿಲಕ್ಕೆ ಒಂದೊಂದು ಬದಿಗೆ 300ರ ಆಸುಪಾಸು ಫಲಕಗಳಿರುತ್ತವೆ. ಉದ್ದ ಒಂದು ಮೀಟರಿನ ಒಳಗೆ. ಆರ್ಕ್ಟಿಕ್ ಕಡಲಿನ ಬೋಹೆಡ್ ತಿಮಿಂಗಿಲದ ಫಲಕವಂತೂ 4 ಮೀಟರ್ ತನಕ ಬೆಳೆಯುತ್ತದೆ, ಒಂದಂತಸ್ತಿನ ಮನೆಯ ಎತ್ತರ. ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಹಿಂದೆ ಯುರೋಪಿನವರು ಇದನ್ನು ತಿಮಿಂಗಿಲದ ಎಲುಬು ಅಂತಲೇ ಕರೆದರು. ಕೊಡೆಯ ಕಡ್ಡಿಗೆ, ಹೆಂಗಸರ ಬಿಗಿಯುಡುಪಿಗೆ ಹಾಕಿದರು. ಪ್ಲಾಸ್ಟಿಕ್ಕು, ಉಕ್ಕಿನ ತಂತಿ ಬರುವ ತನಕ ಇದಕ್ಕೆ ಭಾರೀ ಬೆಲೆ ಇತ್ತು. ಕೊಡೆಯ ಕಡ್ಡಿಗಾಗಿ ಇಂಥ ಜೀವವನ್ನು ಕೊಂದರಲ್ಲ ಅಂತ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಈಗ ಡಾಲ್ಫಿನ್ ವಿಚಾರ. ತಿಮಿಂಗಿಲ ಮೀನಲ್ಲ, ನಮ್ಮ ಹಾಗೆ ಉಸಿರಾಡಿ ಹಾಲೂಡಿಸುವ ಪ್ರಾಣಿ ಅಂತ ನಿಮ್ಮ ಮಗಳಿಗೆ ಗೊತ್ತೇ ಇರುತ್ತದೆ. ಇವುಗಳ ಪೂರ್ವಜರು ಸುಮಾರು 5 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಓಡಾಡುತ್ತಿದ್ದ ಗೊರಸಿನ ಪ್ರಾಣಿಗಳು. ಅವುಗಳ ಹತ್ತಿರದ ನೆಂಟನೊಬ್ಬ ಸಿಕ್ಕಿದ್ದು ನಮ್ಮ ದೇಶದಲ್ಲೇ. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು-ಕಾಶ್ಮೀರದ ಕಾಲಾಕೋಟ್‌ನಿಂದ ತಂದಿಟ್ಟಿದ್ದ ಕಲ್ಲುಗಳನ್ನು ಅವರು ತೀರಿಕೊಂಡ ಮೇಲೆ ಬಿಡಿಸಿ ನೋಡಿದರು. ಒಳಗೆ ಇಂಡೋಹಯಸ್ ಎಂಬ ಬೆಕ್ಕಿನ ಗಾತ್ರದ ಪ್ರಾಣಿಯ ಎಲುಬುಗಳಿದ್ದವು. ಅದರ ಕಿವಿಯ ಎಲುಬು ತಿಮಿಂಗಿಲದ ಕಿವಿಯ ಹಾಗೇ ಇತ್ತು. 2007ರಲ್ಲಿ ಈ ವಿಚಾರ ಪ್ರಕಟವಾಯಿತು.

ಆ ಮನೆತನ ಕಡಲಿಗಿಳಿದು, ಸುಮಾರು 3.5 ಕೋಟಿ ವರ್ಷಗಳ ಹಿಂದೆ ಪಾಲಾಯಿತು. ಒಂದು ಪಾಲು ಹಲ್ಲನ್ನು ಉಳಿಸಿಕೊಂಡಿತು. ಡಾಲ್ಫಿನ್, ಓರ್ಕಾ, ಸ್ಪರ್ಮ್ ತಿಮಿಂಗಿಲ, ನಮ್ಮ ಗಂಗಾನದಿಯ ಡಾಲ್ಫಿನ್, ಎಲ್ಲ ಆ ಪಾಲಿನವು. 75ಕ್ಕೂ ಹೆಚ್ಚು ಜಾತಿಗಳಿವೆ. ಇನ್ನೊಂದು ಪಾಲು ನಿಧಾನಕ್ಕೆ ಹಲ್ಲು ಬಿಟ್ಟು ಬಲೀನ್ ಹಿಡಿಯಿತು. ಅದರಲ್ಲಿರುವುದು 15ರ ಆಸುಪಾಸು ಜಾತಿಗಳು ಮಾತ್ರ. ಹಳೇ ಗುರುತು ಇನ್ನೂ ಪೂರ್ತಿ ಅಳಿಸಿಲ್ಲ. ಬಲೀನ್ ತಿಮಿಂಗಿಲದ ಮರಿಗೆ ತಾಯಿಯ ಹೊಟ್ಟೆಯಲ್ಲಿರುವಾಗ ಹಲ್ಲಿನ ಮೊಳಕೆ ಮೂಡುತ್ತದೆ, ಹುಟ್ಟುವ ಮೊದಲೇ ಕರಗಿಹೋಗುತ್ತದೆ. ಅಜ್ಜನ ಕಾಲದ ಹಲ್ಲು ಒಮ್ಮೆ ಇಣುಕಿ ಹೋದ ಹಾಗೆ.

ಇನ್ನು ಊಟ. ನೀಲಿ ತಿಮಿಂಗಿಲ, ಫಿನ್, ಬ್ರೈಡ್ಸ್, ಹಂಪ್‌ಬ್ಯಾಕ್, ಇವು ಹತ್ತಿರದ ನೆಂಟರು. ಇವುಗಳ ಗದ್ದದಿಂದ ಹೊಕ್ಕುಳಿನ ತನಕ ಉದ್ದುದ್ದ ಗೆರೆಗಳು ಕಾಣುತ್ತವೆ. ಫೋಟೋದಲ್ಲಿ ಗೆರೆ ಅನ್ನಿಸುತ್ತದೆ, ನಿಜಕ್ಕೂ ಅವು ನೆರಿಗೆ. ಸೀರೆಯ ನೆರಿಗೆಯ ಹಾಗೆ ಮಡಿಸಿಟ್ಟ ಚರ್ಮ. ಯಾಕೆ ಮಡಿಸಿಟ್ಟಿದೆ ಅನ್ನುವುದು ಊಟದ ಹೊತ್ತಿಗೆ ಗೊತ್ತಾಗುತ್ತದೆ.

ನಿಮ್ಮ ಮಗಳು ಓದಿದ ಆ ಬೆರಳುದ್ದದ ಜೀವಿಯ ಹೆಸರು ಕ್ರಿಲ್, ಸೀಗಡಿಯ ದೂರದ ನೆಂಟ. ಅಂಟಾರ್ಕ್ಟಿಕಾ ಕಡಲಿನದು ಹೆಚ್ಚೆಂದರೆ 6 ಸೆಂಟಿಮೀಟರ್. ಒಂಟಿಯಾಗಿರುವುದು ಕಡಿಮೆ, ಮೋಡದ ಹಾಗೆ ಹಿಂಡು ಕಟ್ಟಿಕೊಂಡಿರುತ್ತದೆ. ತಿಮಿಂಗಿಲ ಆ ಹಿಂಡನ್ನು ಹುಡುಕಿಕೊಂಡು 100, 200 ಮೀಟರ್ ಆಳಕ್ಕೆ ಇಳಿಯುತ್ತದೆ. ಹಿಂಡು ಸಿಕ್ಕಿದ ಮೇಲೆ ಬಾಲ ಬೀಸಿ ವೇಗ ಹಿಡಿಯುತ್ತದೆ. ಹಿಂಡಿನ ಹತ್ತಿರ ಬಂದಾಗ ಬಾಯಿ ತೆರೆಯುತ್ತದೆ. ಸುಮ್ನೆ ತೆರೆಯುವುದಲ್ಲ, ಕೆಳದವಡೆ ಹೆಚ್ಚುಕಡಿಮೆ 90 ಡಿಗ್ರಿ ಕೆಳಗೆ ಬೀಳುತ್ತದೆ. ನೀರು ನುಗ್ಗುತ್ತದೆ. ನೆರಿಗೆಗಳು ಬಿಚ್ಚಿಕೊಳ್ಳುತ್ತವೆ. ನಾಲಿಗೆ ಸಡಿಲಾಗಿ, ಒಳಮೈ ಹೊರಗಾಗಿ ಮಗುಚಿ, ಹೊಟ್ಟೆಯ ಕಡೆಗೆ ಚೀಲದ ಹಾಗೆ ಜಾರುತ್ತದೆ. ಉದ್ದಕ್ಕೆ ಬಾಣದಂತಿದ್ದ ಪ್ರಾಣಿ ನೋಡನೋಡುತ್ತ ಗೊದಮೊಟ್ಟೆಯ ಆಕಾರಕ್ಕೆ ಬರುತ್ತದೆ. ದೊಡ್ಡ ಫಿನ್ ತಿಮಿಂಗಿಲ ಸುಮಾರು 6 ಸೆಕೆಂಡಿನಲ್ಲಿ 70,000 ಲೀಟರ್ ನೀರು ತುಂಬಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಬೆಂಗಳೂರಿನಲ್ಲಿ ಮನೆ ಮುಂದೆ ಬರುವ 6,000 ಲೀಟರಿನ ನೀರಿನ ಟ್ಯಾಂಕರ್ ಇದೆಯಲ್ಲ, ಅಂಥವು ಹನ್ನೆರಡು ಸಾಲಾಗಿ ನಿಂತ ಹಾಗೆ. ಅದೂ ಒಂದೇ ಗುಕ್ಕಿಗೆ. ತನ್ನ ಮೈಗಿಂತ ಜಾಸ್ತಿ ನೀರು ಬಾಯಲ್ಲಿ!

ಮಳೆಗಾಲದ ಗಾಳಿಗೆ ಎದುರಾಗಿ ಕೊಡೆ ಹಿಡಿದು ನಡೆದಿದ್ದೀರಾ? ಹೆಜ್ಜೆ ಮುಂದೆ ಹೋಗುವುದಿಲ್ಲ. ಬಾಯಿ ತೆರೆದ ತಿಮಿಂಗಿಲಕ್ಕೂ ಹಾಗೇ, ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮುಂದಿನ ಗುಕ್ಕಿಗೆ ಮತ್ತೆ ಮೊದಲಿಂದ ವೇಗ ಹಿಡಿಯಬೇಕು. ಅದಕ್ಕೇ ಈ ಊಟ ಬಲು ದುಬಾರಿ. ಅಷ್ಟು ದೊಡ್ಡ ಪ್ರಾಣಿ ಗಂಟೆಗಟ್ಟಲೆ ಉಸಿರು ಹಿಡಿಯಬಹುದು ಅನ್ನಿಸುತ್ತದೆ, ಅಲ್ವಾ? ಆದರೆ ಊಟಕ್ಕೆ ಇಳಿದ ನೀಲಿ ತಿಮಿಂಗಿಲ ಸಾಮಾನ್ಯವಾಗಿ 10 ನಿಮಿಷದ ಆಸುಪಾಸಿನಲ್ಲಿ ಮೇಲೆ ಬಂದುಬಿಡುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ಒಂದು ನೀಲಿ ತಿಮಿಂಗಿಲದ ಮೈಗೆ ಉಪಕರಣ ಅಂಟಿಸಿ ಎದೆಬಡಿತ ಅಳೆದರು. 2019ರಲ್ಲಿ ಪ್ರಕಟವಾದ ಕೆಲಸ. ಆಳದಲ್ಲಿ ಬಡಿತ ನಿಮಿಷಕ್ಕೆ 2ಕ್ಕೆ ಇಳಿಯುತ್ತಿತ್ತು. ಮೇಲೆ ಬಂದು ಉಸಿರಾಡುವಾಗ 37ಕ್ಕೆ ಏರುತ್ತಿತ್ತು. ಆ ಎದೆಗೆ ಅದಕ್ಕಿಂತ ಜೋರಾಗಿ ಬಡಿಯುವ ಶಕ್ತಿ ಹೆಚ್ಚುಕಡಿಮೆ ಇಲ್ಲ. ಅಂದರೆ ಪ್ರತಿ ಊಟದ ಮುಳುಗಿಗೂ ಈ ಜೀವ ತನ್ನ ಶಕ್ತಿಯ ಕೊನೆಯ ಅಂಚಿನ ತನಕ ಹೋಗಿ ಬರುತ್ತದೆ.

ಇನ್ನು ಬಾಯಿ ತುಂಬಿದ ಉಪ್ಪುನೀರು. ಕುಚ್ಚಲಕ್ಕಿ ಅನ್ನ ಬಸಿಯುವುದನ್ನು ಮಗಳಿಗೆ ತೋರಿಸಿ. ಪಾತ್ರೆಯ ಬಾಯಿಗೆ ತಟ್ಟೆ ಅದುಮಿ ಬಗ್ಗಿಸಿದರೆ ತಿಳಿ ಇಳಿಯುತ್ತದೆ, ಅನ್ನ ಉಳಿಯುತ್ತದೆ. ಇಲ್ಲೂ ಅದೇ. ಬಾಯಿ ಮುಚ್ಚಿದ ಮೇಲೆ ನೆರಿಗೆಯ ಚರ್ಮದ ಕೆಳಗಿನ ಸ್ನಾಯುಗಳು ಬಿಗಿಯುತ್ತವೆ, ನಾಲಿಗೆ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ನೀರಿಗೆ ಹೋಗಲು ಒಂದೇ ದಾರಿ, ಫಲಕಗಳ ಸಂದಿ. ನೀರು ಹೊರಗೆ, ಕ್ರಿಲ್ ಒಳಗೆ. ಅರ್ಧ ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಆಮೇಲೆ ನುಂಗುತ್ತದೆ. ಹಾಗಾಗಿ ಕಡಲು ಕುಡಿಯುವ ಮಾತೇ ಇಲ್ಲ. ತಿಮಿಂಗಿಲಕ್ಕೆ ಬೇಕಾದ ನೀರು ಬಹುಪಾಲು ಊಟದಿಂದಲೇ ಸಿಗುತ್ತದೆ.

ಇಷ್ಟು ನೀರು ನುಗ್ಗುವಾಗ ಗಂಟಲಿಗೆ ಇಳಿಯುವುದಿಲ್ಲವೇ ಅನ್ನುವುದು ತುಂಬಾ ದಿನ ವಿಜ್ಞಾನಿಗಳಿಗೂ ಒಗಟಾಗಿತ್ತು. 2022ರಲ್ಲಿ ಕೆನಡಾದ ಸಂಶೋಧಕರು ಫಿನ್ ತಿಮಿಂಗಿಲದ ಬಾಯಿಯ ಹಿಂಭಾಗದಲ್ಲಿ ಕೊಬ್ಬು, ಸ್ನಾಯು ಸೇರಿದ ಒಂದು ಮುದ್ದೆಯನ್ನು ಗುರುತಿಸಿದರು. ಬಾಯಿ ತೆರೆದಾಗ ಅದು ಬಾಟಲಿಗೆ ಬಿರಡೆ ಹಾಕಿದ ಹಾಗೆ ಗಂಟಲಿನ ದಾರಿ ಮುಚ್ಚುತ್ತದೆ. ನುಂಗುವಾಗ ಮೇಲೆ ಸರಿದು ದಾರಿ ಬಿಡುತ್ತದೆ. ಅದಕ್ಕೂ ಹತ್ತು ವರ್ಷ ಮೊದಲು, 2012ರಲ್ಲಿ, ಗದ್ದದ ಮುಂತುದಿಯಲ್ಲಿ ಇನ್ನೊಂದು ಅಂಗ ಸಿಕ್ಕಿತ್ತು. ಈ ತಿಮಿಂಗಿಲಗಳ ಕೆಳದವಡೆಯ ಎರಡು ಎಲುಬು ನಡುವೆ ಬೆಸೆದುಕೊಂಡಿರುವುದಿಲ್ಲ. ಆ ಬಿರುಕಿನ ಒಳಗೆ ನರಗಳು ತುಂಬಿದ ಒಂದು ಗಂಟು ಕೂತಿದೆ. ಬಾಯಿ ಎಷ್ಟು ತೆರೆಯಿತು, ನೆರಿಗೆ ಎಷ್ಟು ಹಿಗ್ಗಿತು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ನೂರಾರು ವರ್ಷ ತಿಮಿಂಗಿಲ ಕೊಯ್ದ ಮನುಷ್ಯನ ಕಣ್ಣಿಗೆ ಬೀಳದ ಅಂಗ ಅದು. ಎಣ್ಣೆಗಾಗಿ ಕೊಯ್ಯುವವರಿಗೆ ಎಣ್ಣೆ ಮಾತ್ರ ಕಾಣುತ್ತದೆ.

ಬಾಯಿ ಇಷ್ಟು ದೊಡ್ಡದಿದ್ದರೂ ಗಂಟಲು ಕಿರಿದು. ನೀಲಿ ತಿಮಿಂಗಿಲದ ಗಂಟಲಲ್ಲಿ ಒಂದು ದೊಡ್ಡ ಚಕ್ಕೋತ ಹಣ್ಣು ಇಳಿಯುವುದೇ ಕಷ್ಟ. ಮನುಷ್ಯನನ್ನು ನುಂಗುತ್ತದೆ ಅನ್ನುವುದು ಬರೀ ಮಾತು. ಹೆಸರು ನೋಡಿದರೆ ತಮಾಷೆ ಅನ್ನಿಸುತ್ತದೆ. ಸಂಸ್ಕೃತದಲ್ಲಿ ತಿಮಿ ಅಂದರೆ ಭಾರೀ ಮೀನು, ಅದನ್ನೂ ನುಂಗುವುದು ತಿಮಿಂಗಿಲ. ನಾವು ಆ ಹೆಸರು ಕೊಟ್ಟಿರುವುದು ಚಕ್ಕೋತಕ್ಕಿಂತ ದೊಡ್ಡದನ್ನು ನುಂಗಲಾರದ ಪ್ರಾಣಿಗೆ.

ಎಲ್ಲ ಬಲೀನ್ ತಿಮಿಂಗಿಲಗಳೂ ಹೀಗೆ ಗುಕ್ಕು ಹಾಕುವುದಿಲ್ಲ. ರೈಟ್ ತಿಮಿಂಗಿಲ, ಬೋಹೆಡ್ ತಿಮಿಂಗಿಲಗಳಿಗೆ ನೆರಿಗೆಯೇ ಇಲ್ಲ. ಅವು ಬಾಯಿ ತೆರೆದುಕೊಂಡು ನಿಧಾನಕ್ಕೆ ಈಜುತ್ತಲೇ ಇರುತ್ತವೆ. ನೀರು ಮುಂದಿನಿಂದ ಬಂದು ಪಕ್ಕದಿಂದ ಹೋಗುತ್ತದೆ. ಇವುಗಳ ಊಟ ಕ್ರಿಲ್‌ಗಿಂತಲೂ ಸಣ್ಣದು, ಅಕ್ಕಿಕಾಳಿನಷ್ಟಿರುವ ಕೋಪೆಪಾಡ್ ಎಂಬ ಕಡಲಜೀವಿ. ಅದಕ್ಕೆ ತಕ್ಕ ಹಾಗೆ ಬಲೀನಿನ ನಾರು ಕೂಡ ಕೂದಲಿನಷ್ಟು ನಯ. ರವೆ ಜರಡಿಗೂ ಹಿಟ್ಟಿನ ಜರಡಿಗೂ ಕಣ್ಣು ಬೇರೆ ಇರುವುದಿಲ್ಲವೇ, ಹಾಗೆ. ಇನ್ನು ಬೂದು ತಿಮಿಂಗಿಲ ಬೇರಿಂಗ್ ಸಮುದ್ರದ ತಳಕ್ಕೆ ಹೋಗಿ, ಪಕ್ಕಕ್ಕೆ ಮಲಗಿ, ಕೆಸರನ್ನೇ ಬಾಯಿಗೆ ಎಳೆದುಕೊಂಡು ಸೋಸುತ್ತದೆ. ಹೆಚ್ಚಿನವು ಬಲಮಗ್ಗುಲಿಗೇ ಮಲಗುವುದರಿಂದ ಬಲಗಡೆಯ ಬಲೀನ್ ಜಾಸ್ತಿ ಸವೆದಿರುತ್ತದೆ. ನಮ್ಮಲ್ಲಿ ಬಲಗೈಯವರು ಇರುವ ಹಾಗೆ.

ಹಂಪ್‌ಬ್ಯಾಕ್ ಮಾಡುವುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕರಾವಳಿಯ ರಂಪಣಿ ಬಲೆಯನ್ನು ನೋಡಿದ ಹಿರಿಯರಿದ್ದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ, ಮೀನಿನ ಹಿಂಡಿನ ಸುತ್ತ ಬಿಟ್ಟುಕೊಂಡು ಬಂದು, ಎರಡೂ ತುದಿಯನ್ನು ದಂಡೆಯಿಂದ ಊರವರೆಲ್ಲ ಸೇರಿ ಎಳೆಯುತ್ತಿದ್ದರು. ಅಲಾಸ್ಕಾದ ಹಂಪ್‌ಬ್ಯಾಕ್‌ಗಳು ಹೆರಿಂಗ್ ಮೀನಿಗೆ ಹಾಕುವುದು ಇದೇ ಬಲೆ, ಆದರೆ ದಾರದ ಬದಲು ಗುಳ್ಳೆಯಿಂದ. ಒಂದು ತಿಮಿಂಗಿಲ ಹಿಂಡಿನ ಕೆಳಗೆ ಸುತ್ತು ಹೊಡೆಯುತ್ತ ಮೂಗಿನಿಂದ ಗಾಳಿ ಬಿಡುತ್ತದೆ. ಗುಳ್ಳೆಗಳು ಮೇಲೇರಿ ಸುತ್ತಲೂ ಪರದೆ ಕಟ್ಟುತ್ತವೆ. ಮೀನು ಆ ಪರದೆ ದಾಟಲು ಹೆದರುತ್ತದೆ. ಇನ್ನೊಂದು ತಿಮಿಂಗಿಲ ಕೂಗು ಹಾಕುತ್ತದೆ, ಉಳಿದವು ಕೆಳಗಿಂದ ಅಟ್ಟುತ್ತವೆ. ಸುತ್ತು ಚಿಕ್ಕದಾಗುತ್ತಾ ಬಂದು, ಕೊನೆಗೆ ಎಲ್ಲವೂ ಒಟ್ಟಿಗೆ ಬಾಯಿ ತೆರೆದು ಮೇಲೇಳುತ್ತವೆ. ಇದು ಹುಟ್ಟಿನಿಂದ ಬಂದ ಗುಣ ಮಾತ್ರವಲ್ಲ, ನೋಡಿ ಕಲಿಯುವುದೂ ಇದೆ. ಅಮೆರಿಕದ ಮೇನ್ ಕೊಲ್ಲಿಯಲ್ಲಿ 1980ರಲ್ಲಿ ಒಂದು ಹಂಪ್‌ಬ್ಯಾಕ್ ಗುಳ್ಳೆ ಬಿಡುವ ಮೊದಲು ಬಾಲದಿಂದ ನೀರಿಗೆ ಬಡಿಯುವ ಹೊಸ ಪಟ್ಟು ಹಾಕಿತು. ಅದನ್ನು ನೋಡಿ ಜೊತೆಯವು ಕಲಿತವು. ಮುಂದಿನ ಮೂರು ದಶಕಗಳಲ್ಲಿ ಅಲ್ಲಿನ ನೂರಾರು ಹಂಪ್‌ಬ್ಯಾಕ್‌ಗಳಿಗೆ ಆ ಪಟ್ಟು ಹಬ್ಬಿತು.

ಹಾಗಾದರೆ ಸಣ್ಣ ಊಟ ಸಾಲುತ್ತದಾ? ಸಾಲುತ್ತದೆ, ಯಾಕೆಂದರೆ ಒಂದೊಂದು ಕ್ರಿಲ್ ಸಣ್ಣದೇ ಹೊರತು ಊಟ ಸಣ್ಣದಲ್ಲ. ಮುನ್ನೂರಕ್ಕೂ ಹೆಚ್ಚು ತಿಮಿಂಗಿಲಗಳ ಮೇಲೆ ಉಪಕರಣ ಕೂರಿಸಿ ಮಾಡಿದ ಅಧ್ಯಯನವೊಂದು 2021ರಲ್ಲಿ ಬಂತು. ಅದರ ಪ್ರಕಾರ ಉತ್ತರ ಪೆಸಿಫಿಕ್‌ನ ನೀಲಿ ತಿಮಿಂಗಿಲ ಊಟದ ಕಾಲದಲ್ಲಿ ದಿನಕ್ಕೆ ಸುಮಾರು 16 ಟನ್ ಕ್ರಿಲ್ ತಿನ್ನುತ್ತದೆ. ಹಿಂದೆ ಅಂದುಕೊಂಡಿದ್ದಕ್ಕಿಂತ ಮೂರು ಪಟ್ಟು ಹೆಚ್ಚು. ಇದು ವರ್ಷವಿಡೀ ಅಲ್ಲ. ಬಹಳಷ್ಟು ಬಲೀನ್ ತಿಮಿಂಗಿಲಗಳು ಬೇಸಗೆಯಲ್ಲಿ ತಣ್ಣನೆಯ ಕಡಲಿನಲ್ಲಿ ಉಂಡು ಮೈಗೆ ಕೊಬ್ಬು ಕಟ್ಟಿಕೊಳ್ಳುತ್ತವೆ. ಆಮೇಲೆ ಬೆಚ್ಚನೆಯ ನೀರಿಗೆ ಹೋಗಿ, ಮರಿ ಹಾಕಿ, ತಿಂಗಳುಗಟ್ಟಲೆ ಹೆಚ್ಚುಕಡಿಮೆ ಉಪವಾಸ ಇರುತ್ತವೆ. ಸುಗ್ಗಿಯಲ್ಲಿ ಕಣಜ ತುಂಬಿಟ್ಟು ಮಳೆಗಾಲ ಕಳೆಯುವ ಹಳ್ಳಿಮನೆಯ ಲೆಕ್ಕ.

ಬಲೀನ್ ತಿಮಿಂಗಿಲಗಳು ಅಷ್ಟು ದೊಡ್ಡದಾಗಿರುವುದರ ಗುಟ್ಟೂ ಇಲ್ಲೇ ಇದೆ. ಬಲೆ ದೊಡ್ಡದಾದಷ್ಟೂ ಒಂದು ಎಳೆತಕ್ಕೆ ಸಿಗುವ ಮೀನು ಹೆಚ್ಚು. ಆದರೆ ಗಾಳ ಹಾಕುವವನು ಎಷ್ಟು ದೊಡ್ಡ ದೋಣಿ ತಂದರೂ ಸಿಗುವುದು ಒಂದೊಂದೇ ಮೀನು. ಹಲ್ಲಿನ ತಿಮಿಂಗಿಲಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಸ್ಪರ್ಮ್ ತಿಮಿಂಗಿಲದ ಗಂಡು 16 ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ನೀಲಿ ತಿಮಿಂಗಿಲ 30 ಮೀಟರ್ ಮುಟ್ಟುತ್ತದೆ. ಆದರೆ ಬಲೀನ್ ಬಂದ ಕೂಡಲೇ ಅವು ದೈತ್ಯರಾಗಲಿಲ್ಲ. ಕೋಟ್ಯಂತರ ವರ್ಷ ಸಾಧಾರಣ ಗಾತ್ರದಲ್ಲೇ ಇದ್ದವು. ಸುಮಾರು 30 ಲಕ್ಷ ವರ್ಷಗಳ ಈಚೆಗೆ, ಹಿಮಯುಗಗಳು ಶುರುವಾಗಿ, ಕೆಲವು ಋತುವಿನಲ್ಲಿ ಕೆಲವು ಜಾಗದಲ್ಲಿ ಮಾತ್ರ ಊಟ ರಾಶಿ ಬೀಳುವಂತಾದ ಮೇಲೆ ಈ ಗಾತ್ರ ಬಂತು. ಹಿಂಡು ಇರುವ ಜಾಗದಿಂದ ಜಾಗಕ್ಕೆ ಸಾವಿರಾರು ಕಿಲೋಮೀಟರ್ ಹೋಗಬೇಕು, ನಡುವೆ ಉಪವಾಸ ತಡೆಯಬೇಕು. ಅದಕ್ಕೆ ದೊಡ್ಡ ಮೈ ಬೇಕು.

ಗಾಳದವರ ಕಡೆಗೆ ಬರೋಣ. ಹಲ್ಲಿನ ತಿಮಿಂಗಿಲ ಅಂತ ಹೆಸರಿದ್ದರೂ ಇವುಗಳ ನಿಜವಾದ ಆಯುಧ ಹಲ್ಲಲ್ಲ ಅಂತ ನನ್ನ ಅಭಿಪ್ರಾಯ. ಹೆಚ್ಚಿನವು ಅಗಿಯುವುದೇ ಇಲ್ಲ, ಹಿಡಿದು ಹಾಗೇ ನುಂಗುತ್ತವೆ. ಸ್ಪರ್ಮ್ ತಿಮಿಂಗಿಲಕ್ಕೆ ಕೆಲಸಕ್ಕೆ ಬರುವ ಹಲ್ಲಿರುವುದು ಕೆಳದವಡೆಯಲ್ಲಿ ಮಾತ್ರ. ದವಡೆ ಮುರಿದು ಸೊಟ್ಟಗಾದ ಸ್ಪರ್ಮ್ ತಿಮಿಂಗಿಲಗಳೂ ಹೊಟ್ಟೆತುಂಬ ಉಂಡು ಗಟ್ಟಿಮುಟ್ಟಾಗಿದ್ದದ್ದು ಸಿಕ್ಕಿದೆ. ಕೊಕ್ಕಿನ ತಿಮಿಂಗಿಲಗಳ ಹೆಚ್ಚಿನ ಜಾತಿಗಳಲ್ಲಿ ಗಂಡಿಗೆ ಒಂದೆರಡು ಜೊತೆ ಹಲ್ಲು, ಹೆಣ್ಣಿಗೆ ಅದೂ ಇಲ್ಲ. ಅವು ಸ್ಕ್ವಿಡ್ ಅನ್ನು, ಅಂದರೆ ನಮ್ಮ ಬೊಂಡಾಸನ್ನು, ಬಾಯಿಂದ ಹೀರಿ ಒಳಗೆ ಎಳೆದುಕೊಳ್ಳುತ್ತವೆ.

ಅವುಗಳ ಆಯುಧ ಶಬ್ದ. ಗಾಳ ಹಾಕಬೇಕಾದರೆ ಒಂದೊಂದು ಮೀನು ಎಲ್ಲಿದೆ ಅಂತ ಗೊತ್ತಾಗಬೇಕು, ಕತ್ತಲಲ್ಲೂ ಗೊತ್ತಾಗಬೇಕು. ಡಾಲ್ಫಿನ್ ಮೂಗಿನ ಒಳಗೆ ಟಿಕ್ ಟಿಕ್ ಶಬ್ದ ಹುಟ್ಟಿಸುತ್ತದೆ. ಹಣೆಯಲ್ಲಿ ಉಬ್ಬಿದ ಕೊಬ್ಬಿನ ಗಡ್ಡೆ ಆ ಶಬ್ದವನ್ನು ಟಾರ್ಚ್ ಬೆಳಕಿನ ಹಾಗೆ ಒಂದೇ ಕಡೆಗೆ ಹರಿಸುತ್ತದೆ. ಮೀನಿಗೆ ತಾಗಿ ಬಂದ ಮಾರ್ದನಿಯನ್ನು ಕೆಳದವಡೆಯ ಕೊಬ್ಬು ಹಿಡಿದು ಕಿವಿಗೆ ಮುಟ್ಟಿಸುತ್ತದೆ. ದವಡೆಯಿಂದ ಕೇಳಿಸಿಕೊಳ್ಳುವ ಪ್ರಾಣಿ! ಗಂಗಾನದಿಯ ಡಾಲ್ಫಿನ್‌ಗೆ ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆ ಕೆಸರು ನೀರಿನಲ್ಲಿ ಕಣ್ಣಿದ್ದೂ ಪ್ರಯೋಜನವಿಲ್ಲ. ಅದು ಪೂರ್ತಿ ಕಿವಿಯ ಮೇಲೇ ಬದುಕುತ್ತದೆ. ಕ್ಯುವಿಯರ್ ಕೊಕ್ಕಿನ ತಿಮಿಂಗಿಲ ಹತ್ತಿರ ಹತ್ತಿರ 3 ಕಿಲೋಮೀಟರ್ ಆಳಕ್ಕೆ ಇಳಿದದ್ದು ದಾಖಲಾಗಿದೆ. ಬೆಳಕೇ ಇಲ್ಲದ ಅಲ್ಲಿ ಹೀಗೆ ಕೂಗಿ ಕೇಳದೆ ಬೊಂಡಾಸು ಹುಡುಕಲು ಆಗುವುದಿಲ್ಲ.

ಬಲೀನ್ ತಿಮಿಂಗಿಲಕ್ಕೆ ಈ ವಿದ್ಯೆ ಇಲ್ಲ. ಅದರ ದನಿ ತೀರಾ ತಗ್ಗು, ಬಹಳ ದೂರ ಸಾಗುವಂಥದ್ದು. ಜೊತೆಯವರಿಗೆ ಕೇಳಿಸಲು ಚೆನ್ನ, ಒಂದು ಕ್ರಿಲ್ ಎಲ್ಲಿದೆ ಅಂತ ನೋಡಲು ಅಲ್ಲ. ಬದಲಿಗೆ ಅದು ಉಳಿಸಿಕೊಂಡಿರುವುದು ಮೂಗಿನ ವಾಸನೆ. ಬೋಹೆಡ್‌ನ ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗ ಚೆನ್ನಾಗಿ ಬೆಳೆದಿದೆ. ಹಲ್ಲಿನ ತಿಮಿಂಗಿಲಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನಬೇಕು, ಅವು ಮೂಗನ್ನು ಪೂರ್ತಿ ಶಬ್ದದ ಕೆಲಸಕ್ಕೆ ಕೊಟ್ಟುಬಿಟ್ಟಿವೆ. ಅದಕ್ಕೇ ನೆತ್ತಿಯ ಮೇಲೆ ಬಲೀನ್ ತಿಮಿಂಗಿಲಕ್ಕೆ ನಮ್ಮ ಹಾಗೆ ಎರಡು ಹೊಳ್ಳೆ, ಹಲ್ಲಿನ ತಿಮಿಂಗಿಲಕ್ಕೆ ಒಂದೇ. ಹಂಪ್‌ಬ್ಯಾಕ್‌ನ ಮೂತಿಯ ಮೇಲೆ ಗಂಟುಗಂಟಾಗಿ ಕಾಣುತ್ತದಲ್ಲ, ಒಂದೊಂದು ಗಂಟಿನಲ್ಲೂ ಒಂದೊಂದು ಕೂದಲಿದೆ. ಬೆಕ್ಕಿನ ಮೀಸೆಯ ಹಾಗೆ.

ಕುಟುಂಬದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಓರ್ಕಾ, ಸ್ಪರ್ಮ್ ತಿಮಿಂಗಿಲಗಳು ಅಜ್ಜಿ, ತಾಯಿ, ಮಕ್ಕಳು ಅಂತ ಒಟ್ಟಿಗೆ ಇರುತ್ತವೆ. ಬೇಟೆ ಕಲಿಯಲು ವರ್ಷಗಳು ಬೇಕು. ಬಲೀನ್ ತಿಮಿಂಗಿಲದ ಮರಿ ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಾಲು ಬಿಟ್ಟು ತನ್ನ ಪಾಡಿಗೆ ಹೊರಡುತ್ತದೆ. ಇನ್ನೊಂದು ವಿಶೇಷ: ಬಲೀನ್‌ನವರಲ್ಲಿ ಹೆಣ್ಣು ದೊಡ್ಡದು, ಸ್ಪರ್ಮ್, ಓರ್ಕಾಗಳಲ್ಲಿ ಗಂಡು ದೊಡ್ಡದು.

ಸ್ಪರ್ಮ್ ತಿಮಿಂಗಿಲದ ಹೆಸರು ಬಂದಿದ್ದರಿಂದ ಒಂದು ಮಾತು. ನಮ್ಮಲ್ಲಿ ಆಗಾಗ 'ತಿಮಿಂಗಿಲದ ವಾಂತಿ' ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಬರುತ್ತದಲ್ಲ, ಅದು ಅಂಬರ್‌ಗ್ರಿಸ್. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಜೀರ್ಣವಾಗದ ಬೊಂಡಾಸಿನ ಕೊಕ್ಕುಗಳ ಸುತ್ತ ಕಟ್ಟಿಕೊಳ್ಳುವ ಗಡ್ಡೆ. ಕರುಳಿನದಾದ್ದರಿಂದ ವಾಂತಿ ಅನ್ನುವುದೇ ತಪ್ಪು. ನೀಲಿ ತಿಮಿಂಗಿಲದಲ್ಲಿ ಇದು ಇರುವುದಿಲ್ಲ, ಊಟವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದಲ್ಲಿ ಇದರ ವ್ಯಾಪಾರ ಅಪರಾಧ.

ಬಲೀನ್ ತಿಮಿಂಗಿಲ ಅಂದರೆ ಅಂಟಾರ್ಕ್ಟಿಕಾ, ಅಲಾಸ್ಕಾ ಅಂತಲೇ ಮಗಳು ಅಂದುಕೊಳ್ಳಬಾರದು. ಮುಂಗಾರು ಗಾಳಿ ಬೀಸಿದಾಗ ನಮ್ಮ ಅರಬ್ಬಿ ಸಮುದ್ರದಲ್ಲಿ ತಳದ ತಣ್ಣೀರು ಗೊಬ್ಬರ ಹೊತ್ತು ಮೇಲೆ ಬರುತ್ತದೆ. ಮಂಗಳೂರಿನವರು ಭೂತಾಯಿ, ಕುಂದಾಪುರದವರು ಬೈಗೆ, ಕಾರವಾರದವರು ತಾರ್ಲೆ ಅನ್ನುವ ಮೀನಿನ ಹಿಂಡುಗಳು ಅದರ ಫಲ. ಅದೇ ಊಟದ ಮೇಲೆ ಬದುಕುವ ಹಂಪ್‌ಬ್ಯಾಕ್‌ಗಳು ಅರಬ್ಬಿ ಸಮುದ್ರದಲ್ಲಿವೆ. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳ ಹಾಗೆ ಇವು ಧ್ರುವದ ಕಡೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. ಒಮಾನ್ ಕಡೆ ಎಣಿಸಿದವರಿಗೆ ಸಿಕ್ಕಿದ್ದು ನೂರಕ್ಕಿಂತ ಕಡಿಮೆ. 1966ರಲ್ಲಿ ಸೋವಿಯತ್ ಹಡಗುಗಳು ಈ ಕಡಲಲ್ಲಿ ಇನ್ನೂರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕಾನೂನು ಮೀರಿ ಕೊಂದಿದ್ದವು. ಆ ಲೆಕ್ಕ ಹೊರಬರಲು ಮೂವತ್ತು ವರ್ಷ ಬೇಕಾಯಿತು. 2017ರ ಕೊನೆಗೆ ಒಮಾನ್ ಬಳಿ ಲುಬಾನ್ ಎಂಬ ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹದ ಟ್ಯಾಗ್ ಹಾಕಿದರು. ಅದು ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಭಾರತದ ದಕ್ಷಿಣ ತುದಿಯ ತನಕ ಬಂತು.

ನೀಲಿ ತಿಮಿಂಗಿಲವೂ ಇದೆ. ಲಕ್ಷದ್ವೀಪದ ಬಳಿ ನೀರಿನೊಳಗೆ ಇಟ್ಟ ಮೈಕ್‌ನಲ್ಲಿ ಅದರ ಹಾಡು ಸಿಕ್ಕಿದ್ದು 2021ರಲ್ಲಿ ಪ್ರಕಟವಾಯಿತು. ಶ್ರೀಲಂಕಾದ ಆಶಾ ಡಿ ವೋಸ್ ತಮ್ಮ ಕಡಲಿನ ನೀಲಿ ತಿಮಿಂಗಿಲಗಳ ಮಲ ಸಂಗ್ರಹಿಸಿ ನೋಡಿದವರು. ಅದರಲ್ಲಿದ್ದದ್ದು ಬಹುಪಾಲು ಕ್ರಿಲ್ ಅಲ್ಲ, ಬೇರೆ ಜಾತಿಯ ಸಣ್ಣ ಸೀಗಡಿ. ಬಲೆಗೆ ಏನು ಹಿಂಡಾಗಿ ಸಿಗುತ್ತದೋ ಅದೇ ಊಟ, ನೋಡಿ.

ನಿಮ್ಮ ಮಗಳ ಜೊತೆ ಎಂದಾದರೂ ದಂಡೆಯಲ್ಲಿ ಕಳೇಬರ ಕಂಡರೆ ದೂರದಿಂದಲೇ ಮೊದಲು ಬಾಯಿ ನೋಡಿ, ಆಮೇಲೆ ನೆತ್ತಿ. ಫಲಕಗಳ ಸಾಲು, ಎರಡು ಹೊಳ್ಳೆ ಇದ್ದರೆ ಬಲೆಯದು. ಹಲ್ಲು, ಒಂದು ಹೊಳ್ಳೆ ಇದ್ದರೆ ಗಾಳದ್ದು. ಬಾಲ ಅಡ್ಡಕ್ಕಿಲ್ಲದೆ ನಿಂತ ಹಾಗಿದ್ದು, ಕಿವಿರಿನ ಸೀಳು ಕಂಡರೆ ಅದು ತಿಮಿಂಗಿಲವೇ ಅಲ್ಲ, ತಿಮಿಂಗಿಲ ಶಾರ್ಕ್ ಎಂಬ ಮೀನು. ನೆನಪಿಗೆ ಅಂತ ಒಂದು ಫಲಕ ಕೂಡ ಕೀಳಬೇಡಿ. ಕೆರಟಿನ್ ಬೆಳೆಯುವಾಗ ಆ ಜೀವ ಏನು ತಿಂದಿತು, ಯಾವಾಗ ಬಸುರಾಗಿತ್ತು ಅನ್ನುವುದರ ಗುರುತು ಅದರಲ್ಲಿ ಪದರಪದರವಾಗಿ ಉಳಿದಿರುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಳತೆಗೆ ಸಿಗುವ ಹಾಗೆ ಪಕ್ಕದಲ್ಲಿ ಒಂದು ಕೋಲು ಇಟ್ಟು ಫೋಟೋ ತೆಗೆಯಿರಿ. ಬಾಯಿಯದೊಂದು, ನೆತ್ತಿಯದೊಂದು.